ಬಾಬಾಸಾಹೇಬನ ಪಾಲು

“ಇದರಾಗ ಮೊದಲ ಏನಿತ್ತರಿ?”

ವೆಲ್ಡಿಂಗ್ ಅಂಗಡಿಯ ದಸ್ತಗೀರ ಡ್ರಮ್ಮಿನ ಹೊಟ್ಟೆಯನ್ನು ಬೆರಳ ಗಂಟಿನಿಂದ ಬಡಿದು ಕೇಳಿದ. ಅಥಣಿ ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಗಿಡದ ಕೆಳಗೆ ಅವನ ಅಂಗಡಿ. ಡ್ರಮ್ಮು ಆಳೆತ್ತರದ್ದಲ್ಲ, ಎದೆಮಟ್ಟದ್ದು. ಮೈಗೆ ಹೊಸದಾಗಿ ಹಸಿರು ಬಣ್ಣ ಬಳಿದಿತ್ತು. ಅದನ್ನು ಟೆಂಪೋದಿಂದ ಮಗುವಿನ ಹಾಗೆ ಮೆಲ್ಲಗೆ ಇಳಿಸಿಕೊಂಡು ಬಂದಿದ್ದ ಜ್ಞಾನದೇವ ಮೀಸೆ ತೀಡಿಕೊಳ್ಳುತ್ತ, ಶೇಂಗಾ ಎಣ್ಣೆ ಇತ್ತು ಅಂದ.

ದಸ್ತಗೀರನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅವನ ಕಸುಬಿನಲ್ಲಿ ಈ ಪ್ರಶ್ನೆ ಕೇಳದೆ ಯಾವ ಡ್ರಮ್ಮಿಗೂ ಬೆಂಕಿ ತಾಗಿಸುವ ಹಾಗಿಲ್ಲ. ಪೆಟ್ರೋಲಿನ ಡ್ರಮ್ಮನ್ನು ನೀರಿನದು ಅಂತ ಹೇಳಿ ತಂದವನ ದೆಸೆಯಿಂದ ಅವನ ಅಣ್ಣನ ಹುಬ್ಬು ಸುಟ್ಟು ಹೋಗಿತ್ತಂತೆ. ಎಣ್ಣೆ ಡ್ರಮ್ಮಿಗೆ ಬಣ್ಣ ಯಾಕೆ ಬಳಿದರು, ನೀವಾದರೂ ಒಮ್ಮೆ ಮೂಸಿ ನೋಡಿದ್ದೀರಾ ಎಂದು ಅವನು ಮತ್ತೆ ಕೇಳಿದ.

“ನನ್ನ ದೋಸ್ತ ಬಾಬಾಸಾಹೇಬ ಕೊಟ್ಟದ್ದನ್ನ ಮೂಸಿ ನೋಡೂದೇನೈತೋ?” ಎಂದು ಜ್ಞಾನದೇವ ನಕ್ಕುಬಿಟ್ಟ. “ಅವ ಎಣ್ಣಿ ಅಂದ್ರ ಎಣ್ಣಿ. ನೀ ಕೊಯ್ಯಿ.”

ದಸ್ತಗೀರ ಡ್ರಮ್ಮಿನ ತುಂಬ ನೀರು ತುಂಬಿಸಿ, ಚೆಲ್ಲಿ, ಕೊಯ್ದ. ಕೆಳಗೆ ಕಟ್ಟಿಗೆ ಹಾಕಲು ಒಂದು ಬಾಗಿಲು, ಮೇಲೆ ಎತ್ತುವ ಮುಚ್ಚಳ, ಮಾಂಸದ ಖಂಡ ತೂಗುಹಾಕಲು ಅಡ್ಡ ಕಬ್ಬಿಣದ ಸಳಿಗಳು, ಹೊಗೆ ಹೋಗಲು ಮೊಣಕೈಯಷ್ಟು ಉದ್ದದ ಕೊಳವೆ. ಕೊಳವೆಯ ಬಾಯಿ ಬಲಕ್ಕೇ ತಿರುಗಿರಬೇಕೆಂದು ಜ್ಞಾನದೇವ ಒತ್ತಿ ಒತ್ತಿ ಹೇಳಿದ. ಎಡಕ್ಕೆ ಧನಪಾಲನ ಗೋಡೆ. ಧನಪಾಲ ಜೈನರವನು, ನೆರೆಮನೆಯವನು. ಅವರ ಅಡುಗೆಮನೆಗೆ ಮಟನ್ನಿನ ಹೊಗೆ ಹೋಗಬಾರದು ಎಂಬುದು ಯಾರೂ ಬಾಯಿಬಿಟ್ಟು ಹೇಳಬೇಕಾದ ಮಾತಲ್ಲ. ಮೊದಲ ಸಲ ಖಾಲಿ ಡ್ರಮ್ಮಿನಲ್ಲೇ ಬೆಂಕಿ ಹಾಕಿ ಚೆನ್ನಾಗಿ ಸುಟ್ಟುಬಿಡಿ ಎಂದು ಹೇಳಿ ದಸ್ತಗೀರ ಕಳಿಸಿಕೊಟ್ಟ.

ಈ ಹೊಗೆ ಡ್ರಮ್ಮಿನ ಹುಚ್ಚು ಜ್ಞಾನದೇವನಿಗೆ ಇಂದು ನಿನ್ನೆಯದಲ್ಲ. ಹೆಸರು ಸಂತನದ್ದು, ನಾಲಿಗೆ ಮಾತ್ರ ಸಂತನದ್ದಲ್ಲ. ಮರಾಠಾ ಪಲ್ಟಣದಲ್ಲಿ ಹವಾಲ್ದಾರನಾಗಿದ್ದಾಗ ನಾಗಾಲ್ಯಾಂಡಿನ ಗುಡ್ಡದ ಮೇಲೆ ಇರಬೇಕಾಗಿ ಬಂತು. ಅಲ್ಲಿಯ ಜನ ಒಲೆಯ ಮೇಲ್ಗಡೆ ಮಾಂಸ ತೂಗುಹಾಕಿ ದಿನಗಟ್ಟಲೆ ಹೊಗೆ ಕುಡಿಸುವುದನ್ನು ಕಂಡ, ತಿಂದ, ಕೆಟ್ಟ. ಎಂಬತ್ತೊಂಬತ್ತರಲ್ಲಿ ಪೆನ್ಶನ್ ಮೇಲೆ ಊರಿಗೆ ಬಂದಾಗ ಟ್ರಂಕಿನಲ್ಲಿ ಏನು ತಂದನೋ ಬಿಟ್ಟನೋ, ಆ ರುಚಿಯನ್ನಂತೂ ತಂದ. ಅವನಿಗೆ ಅದನ್ನು ತನ್ನ ಹಿತ್ತಲಿನಲ್ಲಿ, ತನ್ನ ಕೈಯಾರೆ ಮಾಡಿ ನಾಲ್ಕು ಜನರಿಗೆ ಉಣಿಸಬೇಕಿತ್ತು.

ಹಿತ್ತಲಿನಲ್ಲೇ ಯಾಕೆಂದರೆ, ಅವನ ತಾಯಿ ಗಂಗೂಬಾಯಿ ಪಂಢರಪುರದ ತುಳಸಿ ಮಾಲೆ ಹಾಕಿಕೊಂಡವಳು, ಮಾಂಸ ಮುಟ್ಟದವಳು. ಆ ಮನೆಯಲ್ಲಿ ಮಟನ್ನಿನ ಒಲೆ, ಪಾತ್ರೆ, ತಾಟು ಎಲ್ಲ ಹಿತ್ತಲಿನವು, ಅವು ಹೊಸ್ತಿಲು ದಾಟುವಂತಿರಲಿಲ್ಲ. ಯಾವುದರಲ್ಲಿ ಹೊಗೆ ಹಾಕುವುದು ಎಂಬ ಚರ್ಚೆಗೇ ಒಂದು ಚಳಿಗಾಲ ಕಳೆಯಿತು. ಮಿಲಿಟರಿ ಟ್ರಂಕಿಗೆ ತೂತು ಹೊಡೆಯುತ್ತೇನೆ ಅಂದರೆ ಹೆಂಡತಿ ಅಕ್ಕುತಾಯಿ, ಅದರಲ್ಲಿ ನನ್ನ ಲಗ್ನದ ಸೀರೆ ಅದಾವು, ಮೊದಲು ನನಗೇ ತೂತು ಹೊಡಿ ಅಂದಳು. ಇಟ್ಟಿಗೆಯಲ್ಲಿ ಕಟ್ಟಿಸುತ್ತೇನೆ ಅಂದರೆ ತಾಯಿ, ನಾ ಇನ್ನೂ ಜೀವಂತ ಇದ್ದೀನಿ, ಹಿತ್ತಲಿನಲ್ಲಿ ಈಗಲೇ ಗೋರಿ ಕಟ್ಟಬ್ಯಾಡ ಅಂದಳು. ಕಡೆಗೆ ಉಳಿದದ್ದು ಡ್ರಮ್ಮು. ಬೇಕಾದಾಗ ಇಡಬಹುದು, ಬ್ಯಾಡಾದಾಗ ದನದ ಕೊಟ್ಟಿಗೆಗೆ ಉರುಳಿಸಬಹುದು.

ಡ್ರಮ್ಮು ಅಂದಕೂಡಲೇ ಬಾಬಾಸಾಹೇಬ, ನೀ ಸುಮ್ಮನಿರು, ನಮ್ಮಲ್ಲಿ ಶೇಂಗಾ ಎಣ್ಣೆಯದು ಒಂದು ಐತಿ, ಅದು ನಿನ್ನದು ಅಂದಿದ್ದ. ದ್ರಾಕ್ಷಿ ತೋಟದ ಧಣಿ, ಜೀಪು ಇಟ್ಟವನು. ಅದಕ್ಕಿಂತ ಹೆಚ್ಚಾಗಿ ಜ್ಞಾನದೇವನ ಪಾಲಿಗೆ ಅವನು ಬಾಬ್ಯಾ. ಇಬ್ಬರೂ ಒಂದೇ ಭಾವಿಯಲ್ಲಿ ಈಜು ಕಲಿತವರು. ಗಡಿಯಲ್ಲಿದ್ದ ಜ್ಞಾನದೇವನಿಗೆ ತಂದೆ ತೀರಿಕೊಂಡ ತಾರು ಮುಟ್ಟುವಷ್ಟರಲ್ಲಿ ಇಲ್ಲಿ ಸಂಸ್ಕಾರವೂ ಮುಗಿದಿತ್ತು, ದಿನಕರ್ಮವೂ ಮುಗಿದಿತ್ತು. ಅಂದು ಮಗನ ಜಾಗದಲ್ಲಿ ನಿಂತು ತಲೆ ಬೋಳಿಸಿಕೊಂಡು ಚಿತೆಗೆ ಬೆಂಕಿ ಇಟ್ಟವನು ಈ ಬಾಬಾಸಾಹೇಬನೇ. ತನ್ನಪ್ಪನಿಗೆ ಬೆಂಕಿ ಇಟ್ಟವನು ಕೊಟ್ಟ ಡ್ರಮ್ಮನ್ನು ಮೂಸಿ ನೋಡು ಅಂದರೆ ಯಾವ ಮನುಷ್ಯ ಮೂಸುತ್ತಾನೆ, ನೀವೇ ಹೇಳಿ.

ಖಾಲಿ ಡ್ರಮ್ಮು ಸುಟ್ಟ ದಿನ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದು, ಮೂಗಿಗೆ ಚುಚ್ಚುವಂಥ ಒಂದು ವಾಸನೆ ಬಂತು. ಹೊಸ ಬಣ್ಣ ಸುಡುವಾಗ ಹಾಗೇ ಎಂದುಕೊಂಡ ಜ್ಞಾನದೇವ ಅದನ್ನು ಅಲ್ಲಿಗೇ ಬಿಟ್ಟ.

ಊಟ ಗೊತ್ತುಮಾಡಿದ್ದು ಭಾನುವಾರಕ್ಕೆ. ಮಗಳು ಶಾಲನ, ಚೊಚ್ಚಲ ಬಾಣಂತನಕ್ಕೆ ಬಂದು ಕೂತಿದ್ದಳು. ಏಳು ತಿಂಗಳು ತುಂಬಿತ್ತು. ಅಪ್ಪ ಊರಿಗೆ ಬಂದಾಗಿನಿಂದ ಬಣ್ಣಿಸುತ್ತ ಬಂದ ಆ ಹೊಗೆಯ ಖಂಡವನ್ನೇ ತಿನ್ನಬೇಕೆಂಬ ಬಯಕೆ ಅವಳಿಗೆ. ಬಸುರಿಯ ಬಯಕೆ ಅಂದ ಮೇಲೆ ಮಾಲೆ ಹಾಕಿದ ಅಜ್ಜಿಯೂ ಇಲ್ಲವೆನ್ನಲಿಲ್ಲ. ಜ್ಞಾನದೇವ ನಸುಕಿಗೇ ಎದ್ದು, ಉಪ್ಪು, ಅರಿಸಿನ, ಬೆಳ್ಳುಳ್ಳಿ, ಕೆಂಪು ಖಾರ ತಿಕ್ಕಿದ ಖಂಡದ ಉದ್ದುದ್ದ ಪಟ್ಟಿಗಳನ್ನು ಸಳಿಗೆ ತೂಗುಹಾಕಿದ. ಮಾವಿನ ಕಟ್ಟಿಗೆ ಧನಪಾಲನದು, ಹೊಗೆ ಬಲಕ್ಕೆ ಹೋಗುತ್ತದೆ ಎಂದು ಮಾತು ಪಡೆದು ಅವನೇ ಕೊಟ್ಟಿದ್ದ.

ಬಾಬಾಸಾಹೇಬ ಬಿಸಿಲೇರಿದ ಮೇಲೆ ಬಂದ. ಜೊತೆಗೆ ಹೆಂಡತಿ ಗೌರಾಬಾಯಿ, ಸೆರಗು ಹಿಡಿದುಕೊಂಡು ನಾಲ್ಕು ವರ್ಷದ ಮೊಮ್ಮಗಳು. ಬಂದವನು ಡ್ರಮ್ಮಿನ ಹತ್ತಿರ ಹೋಗಲಿಲ್ಲ. ದೂರದ ಹೊರಸಿನ ಮಂಚದ ಮೇಲೆ ಕೂತು, ಇವತ್ತು ನನ್ನದು ವಾರ, ಜೋತಿಬಾನ ಭಾನುವಾರ ಹಿಡಿದಿದ್ದೇನೆ, ನೀರಿನ ಹೊರತು ಏನೂ ಇಲ್ಲ ಎಂದು ಹೇಳಿಬಿಟ್ಟ. ಜ್ಞಾನದೇವನ ಮುಖ ಸಣ್ಣದಾಯಿತು. ಇಷ್ಟು ವರ್ಷ ಭಾನುವಾರ ಭಾನುವಾರವೇ ಇಬ್ಬರೂ ಒಂದೇ ತಾಟಿನಲ್ಲಿ ಎಲುಬು ಕಡಿದವರು. ಯಾವಾಗಿನಿಂದ ಈ ವಾರ ಅಂದರೆ, ಹರಕೆ ಮಾರಾಯಾ, ಹೇಳಬಾರದು ಅಂದ. ದೇವರ ಹೆಸರು ಬಂದ ಮೇಲೆ ಮತ್ತೆ ಕೆದಕುವ ಹಾಗಿಲ್ಲ.

ಈ ಕಡೆ ಒಂದು ರೂಢಿ ಇದೆ. ಮಟನ್ ಮಾಡಿದ ದಿನ ಬೇಕಾದವರದು ವಾರ ಇದ್ದರೆ ಅವರ ಪಾಲನ್ನು ಮೊದಲೇ ಎತ್ತಿಡುತ್ತಾರೆ. ತಿನ್ನುವ ದಿನ ಬಂದಾಗ ಅದನ್ನು ಅವರ ಮನೆಗೇ ಒಯ್ದು ಮುಂದಿಟ್ಟು, ವಾರ ಬಿಡು ಅನ್ನಬೇಕು. ಇಟ್ಟವರ ಕಣ್ಣೆದುರೇ ಅವರು ತಿನ್ನಬೇಕು. ಎತ್ತಿಟ್ಟ ಪಾಲು ಬೇಡ ಅಂದರೆ ನಂಟು ಬೇಡ ಅಂದ ಹಾಗೆ. ಆದ್ದರಿಂದ ಮುಚ್ಚಳ ತೆಗೆದ ಕೂಡಲೇ ಶಾಲನ, ಕಾಕಾನ ಪಾಲು ಮೊದಲು ಎನ್ನುತ್ತ, ಬಾಬಾಸಾಹೇಬನಿಗೆಂದು ಪಕ್ಕೆಯ ಖಂಡದಲ್ಲಿ ಚೆನ್ನಾಗಿದ್ದದ್ದನ್ನೇ ಆರಿಸಿ ತಾಟಿನಲ್ಲಿ ತೆಗೆದಿಟ್ಟಳು.

ಹಾಗೇ ಒಂದು ತುಂಡು ಮುರಿದು ತನ್ನ ಬಾಯಿಗೂ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದು, ಇದಕ್ಕಾಗಿ ಇಷ್ಟು ದಿನ ಕಾಯಿಸಿದೆಯಲ್ಲ ಅಪ್ಪಾ ಎಂದು, ಮತ್ತೊಂದು ತುಂಡು ಮುರಿದುಕೊಂಡಳು. ಜ್ಞಾನದೇವನಿಗೆ ಹೊಟ್ಟೆ ತುಂಬಿದಷ್ಟು ಸುಖವಾಯಿತು. ಆ ಸುಖವನ್ನು ಹಂಚಿಕೊಳ್ಳಲೆಂದು ಬಾಬಾಸಾಹೇಬನ ಕಡೆ ತಿರುಗಿದ. ಅವನು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಿದ್ದ. ಶಾಲನಳ ಬಾಯಿಯನ್ನು ಒಮ್ಮೆ ನೋಡಿದ, ಕಣ್ಣು ತಗ್ಗಿಸಿದ, ಮತ್ತೆ ತಿಕ್ಕಿದ. ಉಪವಾಸದವನಿಗೆ ತಂಬಾಕಾದರೂ ಬೇಕಲ್ಲ ಎಂದು ಜ್ಞಾನದೇವ ಒಳಗೊಳಗೇ ನಕ್ಕ.

ಕಾಕಾನ ತಾಟನ್ನು ಶಾಲನ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿಟ್ಟು, ಬುಟ್ಟಿ ಮುಚ್ಚಿ, ಸ್ವಲ್ಪ ಅಡ್ಡಾಗಿ ಬರುತ್ತೇನೆ ಎಂದು ಒಳಗೆ ಹೋದಳು. ಅಕ್ಕುತಾಯಿ ಉಳಿದವರಿಗೆ ತಾಟು ಹಾಕತೊಡಗಿದಳು. ಗೌರಾಬಾಯಿ ತನ್ನ ತಾಟಿನಿಂದ ಒಂದು ಎಳೆ ಖಂಡ ಕಿತ್ತು, ಊದಿ ಆರಿಸಿ, ಮೊಮ್ಮಗಳ ಕೈಗೆ ಕೊಟ್ಟಳು. ಕೂಸು ಅದನ್ನು ಬಾಯಿಯ ತನಕ ಒಯ್ದಿತ್ತು, ಅಷ್ಟೇ.

ಬಾಬಾಸಾಹೇಬ ಹೊರಸಿನಿಂದ ಹಾರಿ ಬಂದು ಕೂಸಿನ ಕೈಗೆ ಹೊಡೆದ. ಖಂಡ ಮಣ್ಣಿಗೆ ಬಿತ್ತು. ಅದಕ್ಕೆ ಜ್ವರ ಐತಿ, ಕೊಡಬ್ಯಾಡ ಅಂತ ತೊದಲುತ್ತ ಹೆಂಡತಿಯ ಮುಂದಿನ ತಾಟನ್ನೂ ಸರಿಸಿದ. ಕೂಸು ದನಿ ತೆಗೆದು ಅಳತೊಡಗಿತು. ಗೌರಾಬಾಯಿ ಪಾಪದ ಹೆಂಗಸು, ಗಂಡನ ಒಳಗುಟ್ಟು ಯಾವುದೂ ಗೊತ್ತಿಲ್ಲದವಳು. ಕೂಸಿನ ಹಣೆ ಮುಟ್ಟಿ ನೋಡಿ, ಜ್ವರ ಎಲ್ಲೈತಿ, ಮೈ ತಣ್ಣಗೈತಲ್ಲ ಅಂದಳು.

ಜ್ಞಾನದೇವ ಕೈಯಲ್ಲಿದ್ದ ಇಕ್ಕಳವನ್ನು ಡ್ರಮ್ಮಿನ ಮೇಲಿಟ್ಟ. ಆ ಹೊತ್ತಿಗೆ ಅವನ ತಲೆಗೆ ಬಂದದ್ದು ದಸ್ತಗೀರನ ಮಾತು. ಅದೇ ಅವನ ಬಾಯಿಂದ ಹೊರಬಿತ್ತು.

“ಬಾಬ್ಯಾ, ಇದರಾಗ ಮೊದಲ ಏನಿತ್ತು?”

ಬಾಬಾಸಾಹೇಬ ಮೊದಲು ಎಣ್ಣೆ ಅಂದ. ಜ್ಞಾನದೇವ ಅವನ ಮುಖವನ್ನೇ ನೋಡುತ್ತ ನಿಂತ. ಕಡೆಗೆ ಬಾಬಾಸಾಹೇಬ ಹೊರಸಿನ ಕಾಲು ಹಿಡಿದುಕೊಂಡು ನೆಲಕ್ಕೆ ಕೂತು ಹೇಳಿದ. ಎಣ್ಣೆಯ ಡ್ರಮ್ಮು ಇತ್ತು, ಸುಳ್ಳಲ್ಲ. ಇವನಿಗೆಂದೇ ತೊಳೆದಿಡಿಸಿದ್ದ. ಅಷ್ಟರಲ್ಲಿ ಮುಗಳಖೋಡದ ಬೀಗರು ಬಂದರು, ನೋಡಿದರು, ಜೋಳ ಹಾಕಿಡಲು ಚೆನ್ನಾಗೈತಿ ಅಂದರು. ಮಗಳನ್ನು ಕೊಟ್ಟ ಮನೆ, ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಇತ್ತ ಇವನಿಗೆ ಕೊಟ್ಟ ಮಾತಿತ್ತು, ಕೊಟ್ಟ ಮಾತು ತಪ್ಪಿದೆ ಅಂತ ಹೇಳಲಿಕ್ಕೂ ಬಾಯಿ ಬರಲಿಲ್ಲ. ತೋಟದ ಮೂಲೆಯಲ್ಲಿ ಇನ್ನೊಂದು ಬಿದ್ದಿತ್ತು. ದ್ರಾಕ್ಷಿಗೆ ಹೊಡೆಯುವ ಔಷಧದ್ದು, ತಲೆಬುರುಡೆಯ ಚಿತ್ರ ಇದ್ದದ್ದು. ಚಿತ್ರ ಕಾಣದ ಹಾಗೆ ಬಣ್ಣ ಬಳಿಸಿ ಕಳಿಸಿದ.

“ಸೋಡಾ ಹಾಕಿ ತಿಕ್ಕಿಸೇನಿ ಜ್ಞಾನ್ಯಾ, ದೇವರಾಣಿ. ಬೆಂಕಿ ಹತ್ತಿದ ಮ್ಯಾಲ ಅದರಾಗ ಏನ ಉಳೀತೈತಿ ಅಂದ್ಕೊಂಡೆ.”

“ಹಂಗಾರ ನೀ ಯಾಕ ತಿನ್ನಲಿಲ್ಲ?”

ಗೌರಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕುತಾಯಿ ಮಾತ್ರ ಇವರ ನ್ಯಾಯ ಕೇಳುತ್ತ ನಿಲ್ಲಲಿಲ್ಲ. ತಾಟು ಬಿಸಾಕಿ, ಶಾಲನ, ಶಾಲನ ಎನ್ನುತ್ತ ಒಳಗೆ ಓಡಿದಳು.

ಬಾಬಾಸಾಹೇಬ ಎದ್ದು, ಜೀಪು ತರುತ್ತೇನೆ, ಈಗಿಂದೀಗ ಅಥಣಿಗೆ ಹೋಗೋಣ ಅಂದ. ನಿನ್ನ ಜೀಪಿನಲ್ಲಿ ನನ್ನ ಮಗಳು ಕಾಲಿಡುವುದಿಲ್ಲ ಎಂದು ಜ್ಞಾನದೇವ ಅಂದಾಗ ಅವನ ದನಿ ಏರಿರಲಿಲ್ಲ. ಔಷಧದ ಹೆಸರೇನು ಎಂದಷ್ಟೇ ಕೇಳಿ ತಿಳಿದುಕೊಂಡ, ಡಾಕ್ಟರಿಗೆ ಹೇಳಬೇಕಿತ್ತಲ್ಲ. ಗಲಾಟೆ ಕೇಳಿ ಗೋಡೆಯಾಚೆಯಿಂದ ಇಣುಕಿದ ಧನಪಾಲ ಏನು ಎತ್ತ ಕೇಳದೆ ತನ್ನ ಟೆಂಪೋ ಹೊರಗೆ ತೆಗೆದ. ಶಾಲನ ಅಷ್ಟರಲ್ಲಿ ಬೆವರತೊಡಗಿದ್ದಳು. ಹೊಟ್ಟೆ ತೊಳಸುತ್ತಿದೆ ಅಂದಳು. ಅದು ಔಷಧದಿಂದಲೋ, ಎಲ್ಲರ ಮುಖ ನೋಡಿ ಹುಟ್ಟಿದ ಹೆದರಿಕೆಯಿಂದಲೋ, ಯಾರಿಗೂ ತಿಳಿಯದು.

ದವಾಖಾನೆಯಲ್ಲಿ ಹೊಟ್ಟೆ ತೊಳೆದರು, ಸಲಾಯಿನ್ ಏರಿಸಿದರು. ಎರಡು ತುಂಡು ಅಷ್ಟೇ ಆದದ್ದು ಪುಣ್ಯ, ತಾಯಿಗೆ ಅಪಾಯ ಇಲ್ಲ ಎಂದು ಡಾಕ್ಟರಬಾಯಿ ಹೇಳಿದರು. ಹೊಟ್ಟೆಯ ಕೂಸಿನ ಎದೆಬಡಿತ ಸರಿಯಾಗಿ ಕೇಳುತ್ತಿದೆ, ಉಳಿದದ್ದನ್ನು ಅದು ಹುಟ್ಟಿದ ಮೇಲೆ ಅದೇ ಹೇಳಬೇಕು ಅಂದರು. ಜ್ಞಾನದೇವ ಗಡಿಯಲ್ಲಿ ಗುಂಡಿನ ಸದ್ದು ಕೇಳಿದವನು. ಆದರೂ ಆ ಮಾತು ಕೇಳಿ ಅವನು ದವಾಖಾನೆಯ ಕಟ್ಟೆಯ ಮೇಲೆ ಕೂತು ಅತ್ತ. ವಿಷಕ್ಕಿಂತ ಹೆಚ್ಚಾಗಿ ಆ ಅಂಗೈ ಅವನನ್ನು ಸುಡುತ್ತಿತ್ತು. ಶಾಲನ ಮೊದಲ ತುಂಡು ಅಗಿಯುತ್ತಿದ್ದಾಗಲೂ, ಎರಡನೆಯದನ್ನು ಮುರಿಯುತ್ತಿದ್ದಾಗಲೂ, ನಿಲ್ಲದೆ ತಂಬಾಕು ತಿಕ್ಕುತ್ತಿದ್ದ ಅಂಗೈ. ತನ್ನ ಮೊಮ್ಮಗಳ ಸಲುವಾಗಿ ಹೊರಸಿನಿಂದ ಹಾರಿದವನಿಗೆ ಇವಳ ಸಲುವಾಗಿ ಒಂದು ಮಾತು ಎತ್ತಲು ಆಗಲಿಲ್ಲವೇ? ಇದೇ ಕೈ ಅಲ್ಲವೇ ಅಪ್ಪನ ಚಿತೆಗೆ ಬೆಂಕಿ ಇಟ್ಟದ್ದು? ಎಷ್ಟು ಸಲ ಕೇಳಿಕೊಂಡರೂ ಎರಡೂ ಕೈ ಒಬ್ಬನವೇ ಎಂದು ಅವನ ಮನಸ್ಸು ಒಪ್ಪಲೊಲ್ಲದು.

ಮಂಗಳವಾರ ಶಾಲನ ಎದ್ದು ಕೂತು ಗಂಜಿ ಕುಡಿದಳು. ಡ್ರಮ್ಮು ಕೆಟ್ಟದ್ದಿತ್ತು ಎಂದಷ್ಟೇ ಅವಳಿಗೆ ಹೇಳಿದ್ದರು. ಯಾರಿಗೆ ಏನು ಗೊತ್ತಿತ್ತು ಎಂಬುದನ್ನು ಅಕ್ಕುತಾಯಿಯೂ ಹೇಳಿರಲಿಲ್ಲ. ಗಂಜಿಯ ಬಟ್ಟಲು ಕೆಳಗಿಟ್ಟು ಅವಳು ಅಪ್ಪನ ಕೈ ಹಿಡಿದುಕೊಂಡಳು.

“ಅಪ್ಪಾ, ಕಾಕಾಗ ಏನೂ ಅನ್ನಬ್ಯಾಡ. ತಮ್ಮ ಡ್ರಮ್ಮಿನಿಂದ ಹಿಂಗಾತು ಅಂತ ಅವರ ಜೀವಾನೂ ಸುಟ್ಟಿರ್ತೈತಿ. ಗೂಡಿನಾಗ ಅವರ ಪಾಲು ಹಂಗ ಐತಿ ನೋಡು, ಗೊತ್ತಿಲ್ಲದ ತಿಂದಾರು.”

ಜ್ಞಾನದೇವ ಹೂಂ ಅಂದ.

ಬುಧವಾರ ಮುಂಜಾನೆ ಮಗಳನ್ನು ಕರೆದುಕೊಂಡು ಊರಿಗೆ ಬಂದರು. ಹಿತ್ತಲಿನಲ್ಲಿ ಉಳಿದ ಖಂಡವನ್ನೆಲ್ಲ, ನಾಯಿಯೂ ಮುಟ್ಟಬಾರದೆಂದು, ಗಂಗೂಬಾಯಿ ಆಳಿನಿಂದ ಕುಣಿ ತೋಡಿಸಿ ಹೂಳಿಸಿದ್ದಳು. ಮಾಲೆಯವಳು ತಾನೇ ಮುಂದೆ ನಿಂತು. ಡ್ರಮ್ಮು ಮಗ್ಗುಲಾಗಿ ಬಿದ್ದಿತ್ತು. ಬಣ್ಣ ಎದ್ದುಹೋದ ಕಡೆ ಒಂದು ಕಣ್ಣಿನ ಕುಳಿ, ಹಲ್ಲಿನ ಸಾಲು ಕಾಣುತ್ತಿದ್ದವು. ಅವನು ಅದನ್ನು ನೋಡಿಯೂ ನೋಡದವನಂತೆ ಕೊಟ್ಟಿಗೆಗೆ ಹೋಗಿ, ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಗೂಡಿನ ಬುಟ್ಟಿ ಎತ್ತಿದ. ಹೊಗೆಯ ಖಂಡ ಕೆಡುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದದ್ದು ಸುಳ್ಳಲ್ಲ. ಪಕ್ಕೆಯ ತುಂಡುಗಳು ಭಾನುವಾರ ಇದ್ದ ಹಾಗೇ ಇದ್ದವು, ಕೆಂಪಗೆ, ಹೊಳೆಯುತ್ತ.

ತಾಟಿಗೆ ವಸ್ತ್ರ ಮುಚ್ಚಿ ಅವನು ಓಣಿಯಲ್ಲಿ ನಡೆದು ಹೋದ. ಎದುರಾದವರು ಮಗಳು ಹೇಗಿದ್ದಾಳೆ ಅಂದರೆ ಆರಾಮ ಅಂದ. ಬಾಬಾಸಾಹೇಬ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಮೂರು ದಿನದಿಂದ ಗಡ್ಡ ಹೆರೆದಿರಲಿಲ್ಲ. ಜ್ಞಾನದೇವನನ್ನು ಕಂಡು ಎದ್ದ, ಕೂತ, ಮತ್ತೆ ಎದ್ದ. ಶಾಲನಳ ಬಗ್ಗೆ ಗೌರಾಬಾಯಿ ಬಾಗಿಲಲ್ಲೇ ನಿಂತು ಕೇಳಿ, ಉಳಿದುಕೊಂಡಳೆಂದು ತಿಳಿದು ಕಣ್ಣೊರೆಸಿಕೊಂಡಳು. ಜ್ಞಾನದೇವ ಕಟ್ಟೆಯ ಮೇಲೆ ಕೂತು, ತಾಟನ್ನು ಇಬ್ಬರ ನಡುವೆ ಇಟ್ಟು, ವಸ್ತ್ರ ತೆಗೆದ.

“ಇವತ್ತ ಬುಧವಾರ,” ಅಂದ. “ಶಾಲನ ನಿನ್ನ ಪಾಲು ಎತ್ತಿಟ್ಟಾಳ. ವಾರ ಬಿಡು.”

ಬಾಬಾಸಾಹೇಬ ತಾಟು ನೋಡಿದ. ತಪ್ಪಾತು ಅಂದ. ಕಾಲಿಗೆ ಬೀಳುತ್ತೇನೆ ಅಂದ. ಎಣ್ಣೆಯ ಡ್ರಮ್ಮು ಬೀಗರಿಂದ ಇವತ್ತೇ ತರಿಸುತ್ತೇನೆ ಅಂದ, ಅದನ್ನು ಹೇಳಿ ತಾನೇ ನಾಚಿಕೊಂಡ. ಜ್ಞಾನದೇವ ಕಾಯುತ್ತ ಕೂತ. ಅವನಿಗೆ ಆ ಕೈ ಒಮ್ಮೆ ತಾಟಿನ ಕಡೆಗೆ ಬರುವುದನ್ನು ನೋಡಬೇಕಿತ್ತು. ಬಂದರೆ ಅರ್ಧ ದಾರಿಯಲ್ಲೇ ತಾನು ಹಿಡಿದುಕೊಳ್ಳುತ್ತಿದ್ದ, ಅಷ್ಟು ಸಾಕಿತ್ತು ಅವನಿಗೆ. ಆದರೆ ಬಾಬಾಸಾಹೇಬ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಹೊತ್ತು ಹೀಗೇ ಹೋಗುತ್ತಿರಲು, ಒಳಗಿನಿಂದ ಮೊಮ್ಮಗಳು ಓಡಿ ಬಂತು. ಭಾನುವಾರ ಕೈತಪ್ಪಿದ್ದು ಅದಕ್ಕೆ ಇನ್ನೂ ನೆನಪಿತ್ತೋ ಏನೋ, ತಾಟು ಕಂಡದ್ದೇ ತಡ, ಕಟ್ಟೆಗೆ ಎದೆ ಆನಿಸಿ, ತುದಿಗಾಲಲ್ಲಿ ನಿಂತು, ಪುಟ್ಟ ಕೈ ಚಾಚಿತು. ಬಾಗಿಲಲ್ಲಿದ್ದ ಗೌರಾಬಾಯಿಗೆ ಎರಡು ಹೆಜ್ಜೆ ಇಡಲೂ ಪುರುಸೊತ್ತಾಗಲಿಲ್ಲ. ಬಾಬಾಸಾಹೇಬ ತೊಡೆಯ ಕೆಳಗಿನ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಜ್ಞಾನದೇವ ತಾಟನ್ನು ಮೇಲೆತ್ತಿಯಾಗಿತ್ತು.

ಒಂದು ಕೈಯಲ್ಲಿ ತಾಟನ್ನು ತಲೆಯ ಮೇಲೆ ಹಿಡಿದು, ಇನ್ನೊಂದರಿಂದ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಏನೂ ಅಂಟಿರಲಿಲ್ಲ. ಆದರೂ ತನ್ನ ಅಂಗಿಯ ತುದಿಯಿಂದ ಅವನ್ನು ಒರೆಸಿದ. ಆಮೇಲೆ ಕಟ್ಟೆ ಇಳಿದು, ತಾಟನ್ನು ಹಾಗೇ ಎತ್ತಿ ಹಿಡಿದುಕೊಂಡು, ಬಂದ ದಾರಿಯಲ್ಲಿ ತನ್ನ ಹಿತ್ತಲಿನ ಕಡೆಗೆ ನಡೆದ. ಕೂಸು ತನಗೆ ಬೇಕೆಂದು ಅಳುತ್ತ ಓಣಿಯ ತಿರುವಿನ ತನಕ ಅವನ ಹಿಂದೆಯೇ ಬಂತು.